ಕಂಡಿಕೆ ಕಾಸು

2023ರ ಜೂನ್ ತಿಂಗಳು. ನಾನಾಗ ಹಿಂದೂಪುರದ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್. ಗುಮಾಸ್ತನಾಗಿ ಸೇರಿ ಮೂವತ್ತನಾಲ್ಕು ವರ್ಷ ಕಳೆದಿತ್ತು, ನಿವೃತ್ತಿಗೆ ಎರಡು ವರ್ಷ ಚಿಲ್ಲರೆ ಬಾಕಿ ಇತ್ತು. ಸಾಲ ವಸೂಲಿಯಲ್ಲಿ ನನ್ನ ಕೈ ಚುರುಕು ಎಂದು ಮೇಲಿನವರು ಹೇಳುತ್ತಿದ್ದರು. ನಾನು ಗದರಿಸುವವನಲ್ಲ, ಮನೆಗೆ ಹೋಗಿ ಕೂತು ಲೆಕ್ಕ ಮಾಡಿಸುವವನು. ಗೋರಂಟ್ಲದಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಯಾವ ಮನೆಯಲ್ಲಿ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂದು ಚಿಕ್ಕಂದಿನಿಂದ ನೋಡಿ ಬೆಳೆದವನು ನಾನು. ಸಂಸಾರದ ಖರ್ಚಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಇತ್ತು. ಅದು ಇಳಿದದ್ದು ಹೇಗೆಂದು ಹೇಳುತ್ತೇನೆ.

ಆ ಕಾಲದಲ್ಲಿ ಗೃಹಸಾಲಗಳಿಗೆ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಸಾಲಗಳ ಬಡ್ಡಿ ರೆಪೊ ದರಕ್ಕೆ ಜೋಡಿಸಿದ್ದು. ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ಏರಿದರೆ, ಹಳ್ಳಿಯವನ ಮನೆ ಸಾಲದ ಬಡ್ಡಿಯೂ ತಾನಾಗಿ ಏರುತ್ತದೆ. 2022ರ ಮೇಯಿಂದ ಮುಂದಿನ ಫೆಬ್ರವರಿಯೊಳಗೆ ಈ ದರ ಆರು ಸಲ ಏರಿ, ಒಟ್ಟು ಎರಡೂವರೆ ಪ್ರತಿಶತ ಹೆಚ್ಚಿತು. ಕಂತಿನ ಮೊತ್ತ ಕೂಡಲೇ ಏರುವುದಿಲ್ಲ. ಕಂಪ್ಯೂಟರು ಸದ್ದಿಲ್ಲದೆ ಅವಧಿಯನ್ನು ಹಿಗ್ಗಿಸುತ್ತಾ ಹೋಗುತ್ತದೆ. ಹಿಗ್ಗಿಸಲು ಇನ್ನು ಜಾಗವಿಲ್ಲ ಎಂದಾಗ ಒಂದು ದಿನ ಕಂತನ್ನೇ ಏರಿಸುತ್ತದೆ. ಅದನ್ನು ತಿಳಿಸಲು ಒಂದು ಮೆಸೇಜ್ ಕಳಿಸುತ್ತದೆ, ಇಂಗ್ಲಿಷಿನಲ್ಲಿ.

ಅಂಥ ಮೆಸೇಜ್ ಬಂದವರಲ್ಲಿ ರಾಮಾಂಜಿ ಒಬ್ಬರು. ಸೋಮಂದೇಪಲ್ಲಿಯ ನೇಕಾರರು, ವಯಸ್ಸು ನಲವತ್ತೆಂಟು. ಅಲ್ಲಿ ಬಾಡಿಗೆ ಮನೆಯ ಮಾಲೀಕರು ಮಗ್ಗದ ಸದ್ದಿಗೆ ರೋಸಿ ಮೂರು ಸಲ ಮನೆ ಖಾಲಿ ಮಾಡಿಸಿದ್ದರಿಂದ, 2021ರಲ್ಲಿ ಹಿಂದೂಪುರದ ಹೊರಗೆ ಸ್ವಂತ ಮನೆ ಕಟ್ಟಿದ್ದರು. ಸಾಲ ಹದಿನಾಲ್ಕು ಲಕ್ಷ, ಇಪ್ಪತ್ತು ವರ್ಷ, ಏಳು ಪ್ರತಿಶತ, ತಿಂಗಳಿಗೆ 10,850 ರೂಪಾಯಿ ಕಂತು. ಎರಡು ವರ್ಷ ಒಂದು ದಿನವೂ ತಪ್ಪದೆ ಕಟ್ಟಿದ್ದರು. ಅಷ್ಟರಲ್ಲಿ ಬಡ್ಡಿ ಒಂಬತ್ತೂವರೆ ಆಯಿತು. ಅದೇ ಕಂತು ಕಟ್ಟುತ್ತಾ ಹೋದರೆ ತಿಂಗಳಿಗೆ ಅಸಲಿಗೆ ಸೇರುವುದು 178 ರೂಪಾಯಿ, ಸಾಲ ತೀರಲು ಇನ್ನೂ ನಲವತ್ತಮೂರು ವರ್ಷ. ಆಗ ರಾಮಾಂಜಿಗೆ ತೊಂಬತ್ತೊಂದು. ಹಾಗಾಗಿ ಏಪ್ರಿಲ್‌ನಿಂದ ಕಂತು 13,050 ಆಯಿತು.

ರಾಮಾಂಜಿ ಎಂದಿನಂತೆ 10,850 ತುಂಬಿದರು. ಖಾತೆಯಲ್ಲಿ ಪೂರ್ತಿ ಹಣ ಇಲ್ಲವೆಂದು ಕಂಪ್ಯೂಟರು ಕಂತನ್ನು ತೆಗೆದುಕೊಳ್ಳಲೇ ಇಲ್ಲ, 590 ರೂಪಾಯಿ ದಂಡ ಮಾತ್ರ ತೆಗೆದುಕೊಂಡಿತು. ಮೇ ತಿಂಗಳಲ್ಲಿ ಎರಡೂ ಕಂತಿನ ಪೂರ್ತಿ ಹಣ ಒಟ್ಟಿಗೆ ಬೇಕಿತ್ತು, ಆಗಲೂ ಅದೇ ಆಯಿತು. ದುಡ್ಡು ನಮ್ಮ ಬ್ಯಾಂಕಿನಲ್ಲೇ ಕೂತಿದೆ, ಆದರೂ ಆ ಮನುಷ್ಯ ಸುಸ್ತಿದಾರ. ಒಂದು ತಿಂಗಳು ಮೀರಿದ ಬಾಕಿಯನ್ನು ನಾವು ಎಸ್‌ಎಂಎ ಎಂಬ ಪಟ್ಟಿಗೆ ಹಾಕುತ್ತೇವೆ, ಕಣ್ಣಿಡಬೇಕಾದ ಖಾತೆ ಎಂದರ್ಥ. ತೊಂಬತ್ತು ದಿನ ದಾಟಿದರೆ ಎನ್‌ಪಿಎ, ಕೆಟ್ಟ ಸಾಲ. ಆಮೇಲೆ ನೋಟಿಸು, ಗೋಡೆಗೆ ಅಂಟಿಸುವ ಕಾಗದ, ಹರಾಜು. ರಾಮಾಂಜಿಗೆ ಮನೆ ಹೋದರೆ ಮಗ್ಗವೂ ಹೋದಂತೆ, ಏಕೆಂದರೆ ಅವರ ಎರಡೂ ಮಗ್ಗ ಮನೆಯ ಮುಂದಿನ ಕೋಣೆಯಲ್ಲೇ ಇದ್ದವು.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನೇ ಅವರ ಮನೆಗೆ ಹೋದೆ. ರಾಮಾಂಜಿ ಮಗ್ಗದಿಂದ ಎದ್ದು ಬಂದು ಕೈಮುಗಿದರು. ವಿಷಯ ಹೇಳಿದ್ದಕ್ಕೆ ಅವರಿಗೆ ಕೋಪವೇ ಬಂತು, ಬರಬೇಕಾದದ್ದೇ.

"ತಿಂಗ್ಳ ತಿಂಗ್ಳ ಒಂದ್ನೇ ತಾರೀಕೇ ಕಟ್ಟಿದೀನಲ್ಲ ಸಾರ್. ರಸೀದಿ ಐತೆ. ನೀವು ಬಡ್ಡಿ ಏರಿಸ್ಬುಟ್ಟು ನಂಗೆ ಬಾಕಿ ಅಂದ್ರೆ ಎಂಗೆ?"

ಏರಿಸಿದ್ದು ನಾನಲ್ಲ ಎಂದೆ. ಇಡೀ ವೃತ್ತಿಜೀವನದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಬಹುಶಃ ಇದೇ ಇರಬೇಕು.

ಆಮೇಲೆ ನನ್ನ ಮಾಮೂಲಿ ಕೆಲಸ ಶುರು ಮಾಡಿದೆ. ಗೋಡೆಯ ಹಳೇ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದೆ. ಮೊದಲನೆಯದು, ಮನೆ ಕಂತು 13,050. ಎರಡನೆಯದು ಅಕ್ಕಿ, ದಿನಸಿ, ಹಾಲು, ಗ್ಯಾಸು 8,500. ಮೂರನೆಯದು ಕರೆಂಟು, ನೀರು, ಫೋನು 1,700. ಆಮೇಲೆ ಡಿಗ್ರಿ ಕೊನೆಯ ವರ್ಷದಲ್ಲಿದ್ದ ಮಗಳು ಪುಷ್ಪಳ ಫೀಸು, ಬಸ್ಸು 2,000. ಕೊನೆಯದು ಚೀಟಿ 3,000. ಒಟ್ಟು 28,250. ಎರಡು ಮಗ್ಗದಿಂದ, ಕೂಲಿಯವನಿಗೆ ಕೊಟ್ಟು ಉಳಿಯುತ್ತಿದ್ದ ಆದಾಯ 26,000.

"ಆಸ್ಪತ್ರೆ ಖರ್ಚು ಏನಾದರೂ?" ಎಂದು ಕೇಳಿದೆ. ಕೇಳಿದ್ದು ರಾಮಾಂಜಿಯನ್ನು.

"ಅಂಥಾದ್ದೇನಿಲ್ಲ ಸಾರ್. ದೇವ್ರು ಚೆಂದಾಗಿ ಮಡಗವ್ನೆ."

ಹಾಗಾದರೆ ಚೀಟಿ ನಿಲ್ಲಿಸಿ ಎಂದೆ. ಅವರು ಬಿಲ್ಕುಲ್ ಒಪ್ಪಲಿಲ್ಲ. ಚೀಟಿ ನಡೆಸುವವರು ಅವರ ದೊಡ್ಡಮ್ಮನ ಮಗ, ಕೂಡಿ ಕಟ್ಟುವವರೆಲ್ಲ ನೆಂಟರು. ಪುಷ್ಪಳ ಮದುವೆಗೆಂದು ಕಟ್ಟುತ್ತಿರುವುದು. ನಡುವೆ ಬಿಟ್ಟರೆ ಹೆಣ್ಣು ಕೇಳುವ ಮನೆಗೆ ಮೊದಲು ಮುಟ್ಟುವುದೇ ಆ ಸುದ್ದಿ. "ಬ್ಯಾಂಕಿಗೆ ಮುಖ ಇಲ್ಲ ಸಾರ್, ನೆಂಟ್ರಿಗೆ ಐತೆ" ಎಂದರು.

ಈ ಮಾತುಕತೆಯ ಉದ್ದಕ್ಕೂ ಅವರ ಹೆಂಡತಿ ಚೌಡಮ್ಮ ಒಳಬಾಗಿಲ ಪಕ್ಕ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಅದಿಲ್ಲದೆ ಮಗ್ಗ ಒಂದು ಗೆರೆಯೂ ನೇಯುವುದಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿಯ ತುಂಬಾ ಕಂಡಿಕೆ. ಎರಡು ಮಗ್ಗಕ್ಕೆ ಅಷ್ಟು ಬೇಕಾಗುವುದಿಲ್ಲ ಎಂದು ನನ್ನ ಚುರುಕು ಬುದ್ಧಿಗೆ ಹೊಳೆಯಿತು.

"ಬೇರೆಯವರ ಮಗ್ಗಕ್ಕೂ ಸುತ್ತುತ್ತೀರಾ ತಾಯಿ?"

ಚೌಡಮ್ಮ ಉತ್ತರಿಸುವ ಮೊದಲೇ ರಾಮಾಂಜಿ ಸಂಕೋಚದಿಂದ ಹೇಳಿದರು: "ಅದು ಕಂಡಿಕೆ ಕಾಸು ಸಾರ್. ಅದು ಹೆಂಗಸ್ರುದು. ನಮ್ಮಲ್ಲಿ ಗಂಡಸ್ರು ಅದನ್ನ ಕೇಳಲ್ಲ."

ಅವರಲ್ಲಿ ಅದೊಂದು ಪದ್ಧತಿ. ಸೀರೆಯ ದುಡ್ಡು ಸಂಸಾರದ್ದು. ಹೊರಗಿನವರಿಗೆ ಕಂಡಿಕೆ ಸುತ್ತಿ ಬರುವ ಕೂಲಿ ಸುತ್ತಿದವಳದು. ಎಷ್ಟು ಬಂತು, ಯಾತಕ್ಕೆ ಹೋಯಿತು ಎಂದು ಗಂಡ ಕೇಳುವುದಿಲ್ಲ, ಹೆಂಡತಿ ಹೇಳುವುದೂ ಇಲ್ಲ. ಅಜ್ಜಿಯ ಕಾಲದಿಂದ ಹಾಗೇ ನಡೆದು ಬಂದಿದೆ. ಆ ಗೆರೆಯನ್ನು ದಾಟಬಾರದು ಎಂಬ ಸೂಕ್ಷ್ಮ ನನಗಿರಬೇಕಿತ್ತು. ನನಗೆ ಕಂಡದ್ದು ಲೆಕ್ಕಕ್ಕೆ ಸಿಗದ ಆದಾಯ ಮಾತ್ರ.

"ಎಷ್ಟು ಬರುತ್ತೆ ತಾಯಿ ತಿಂಗಳಿಗೆ?"

ರಾಟೆ ನಿಂತಿತು. ಆಕೆ ಗಂಡನ ಮುಖ ನೋಡಿದರು, ಗಂಡ ನೆಲ ನೋಡಿದರು. "ಎರಡು ಸಾವಿರ ಬತ್ತದೆ ಸಾರ್. ಒಂದೊಂದು ತಿಂಗ್ಳು ಇನ್ನೂರು ಜಾಸ್ತಿ."

ನನಗೆ ಖುಷಿಯೋ ಖುಷಿ. ಕೊರತೆ 2,250, ಸಿಕ್ಕಿದ್ದು 2,200. ಉಳಿದ ಐವತ್ತು ರೂಪಾಯಿಯನ್ನು ಫೋನಿನ ಖರ್ಚಿನಲ್ಲಿ ಕಡಿಮೆ ಮಾಡಿ ಎಂದೆ. ಲೆಕ್ಕ ತಟ್ಟೆಂದು ಕೂತಿತು. ಮನೆ ಉಳಿಯಿತಲ್ಲ ತಾಯಿ, ಇಷ್ಟು ಸುಲಭದ ವಿಷಯ ಎಂದೆ. ಹಾಗೇ ಒಂದು ಪುಟ್ಟ ಭಾಷಣವನ್ನೂ ಬಿಗಿದೆ: ದುಡ್ಡು ಬಂದ ಕೂಡಲೇ ಮೊದಲು ಕಂತು, ಉಳಿದದ್ದೆಲ್ಲ ಆಮೇಲೆ, ತಲೆ ಮೇಲೆ ಸೂರಿದ್ದರೆ ಮಿಕ್ಕದ್ದು ತಾನಾಗಿ ಆಗುತ್ತದೆ.

ಚೌಡಮ್ಮ ಎದ್ದು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಎರಡು ತಿಂಗಳ ಬಾಕಿ, ದಂಡ ಎಲ್ಲ ಸೇರಿಸಿ, ಖಾತೆಯಲ್ಲಿದ್ದ ಹಣ ಕಳೆದು ಅಂದು ಬೇಕಿದ್ದದ್ದು 5,580. ಡಬ್ಬಿಯಲ್ಲಿ ಆರು ಸಾವಿರದಷ್ಟಿತ್ತು. ನೋಟುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿ ಎಣಿಸಿದರು. ಅದನ್ನು ನಾನು ನೋಡಿದೆ, ಓದು ಬಾರದವರು ಹೀಗೇ ಎಣಿಸುತ್ತಾರೆ ಎಂದುಕೊಂಡೆ. ಚೌಡಮ್ಮ ಏಳನೇ ಕ್ಲಾಸು ಓದಿದವರು ಎಂದು ನನಗೆ ಆಮೇಲೆ ಗೊತ್ತಾಯಿತು.

"ಎಷ್ಟು ದಿನ ಇಂಗೆ ಕಟ್ಬೇಕು ಸಾರ್?"

"ಬಡ್ಡಿ ಇಳಿಯೋವರೆಗೂ ತಾಯಿ. ಏರಿದ್ದು ಇಳಿಯಲೇಬೇಕಲ್ಲ. ವರ್ಷವೋ, ಒಂದೂವರೆ ವರ್ಷವೋ."

"ಇಳಿದ್ರೆ ನಮ್ಗೆಂಗೆ ಗೊತ್ತಾಯ್ತದೆ?"

"ನಾನೇ ಹೇಳ್ತೀನಿ" ಎಂದೆ.

ಆಕೆ ಇನ್ನೇನೋ ಹೇಳಲು ಬಾಯಿ ತೆರೆದಂತಿತ್ತು. ಅಷ್ಟರಲ್ಲಿ ನನಗೆ ಫೋನು ಬಂತು, ನಾನು ಎದ್ದೆ. ಹೊರಡುವಾಗ ರಾಮಾಂಜಿ ಪಟ್ಟಿಗೆ ಗಂಜಿ ಸವರಿ ಮಗ್ಗದ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು.

ಆಮೇಲೆ ಆ ಖಾತೆಯಲ್ಲಿ ಒಂದು ಕಂತೂ ತಪ್ಪಲಿಲ್ಲ. ಆ ವರ್ಷ ನಮ್ಮ ಶಾಖೆಯ ಗೃಹಸಾಲಗಳಲ್ಲಿ ಒಂದೂ ಎನ್‌ಪಿಎ ಆಗಲಿಲ್ಲವೆಂದು ಅನಂತಪುರದ ಸಭೆಯಲ್ಲಿ ನನಗೆ ಶೀಲ್ಡು ಕೊಟ್ಟರು, ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದಾಗ ನಾನು ಇದೇ ಕಂಡಿಕೆ ಕಾಸಿನ ಕಥೆ ಹೇಳಿದೆ. ಸಾಲಗಾರ ದುಡ್ಡಿಲ್ಲ ಅಂದರೆ ನಂಬಬೇಡಿ, ಮನೆಯೊಳಗೆ ಹೋಗಿ ಹುಡುಕಿ, ಎಲ್ಲೋ ಒಂದು ಡಬ್ಬಿ ಇರುತ್ತದೆ ಎಂದೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

2024ರ ಮೇಯಲ್ಲಿ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಹೊಸ ಶಾಖೆ, ಹೊಸ ಬಾಕಿದಾರರು. ಹಿಂದೂಪುರದ ಖಾತೆಗಳೆಲ್ಲ ಮನಸ್ಸಿನಿಂದ ಇಳಿದುಹೋದವು.

2025ರ ಆಗಸ್ಟ್‌ನಲ್ಲಿ, ನಿವೃತ್ತಿಗೆ ಆರು ವಾರ ಇದ್ದಾಗ, ಒಂದು ಸೋಮವಾರ ಶಾಖೆಯ ಗಾಜಿನ ಬಾಗಿಲಿಗೆ ಯಾರೋ ಢಿಕ್ಕಿ ಹೊಡೆದ ಸದ್ದಾಯಿತು. ಕ್ಯಾಬಿನ್ನಿನಿಂದ ನೋಡಿದರೆ, ಒಬ್ಬ ಹೆಂಗಸು ಹಣೆ ಉಜ್ಜಿಕೊಳ್ಳುತ್ತಿದ್ದಾರೆ, ಜೊತೆಯ ಹುಡುಗಿ ಅವರ ತೋಳು ಹಿಡಿದಿದ್ದಾಳೆ. ಸೆಕ್ಯುರಿಟಿಯವನು ತೆಲುಗಿನಲ್ಲಿ "ಚೂಸುಕುನಿ ರಾವಾಲಿ ಅಮ್ಮಾ" ಎಂದ, ನೋಡಿಕೊಂಡು ಬರಬೇಕು ಎಂದು. ಹುಡುಗಿ ಅವನನ್ನು ದುರುಗುಟ್ಟಿ ನೋಡಿದಳು. ಆ ಹೆಂಗಸು ಹಿಂದೂಪುರದ ಚೌಡಮ್ಮ, ಜೊತೆಯವಳು ಮಗಳು ಪುಷ್ಪ ಅಂತ ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕಂಬದೂರಿಗೆ ಮದುವೆಯಾಗಿ ಬಂದಿದ್ದಳು. ತನ್ನ ಮನೆಗೆ ಬಂದಿದ್ದ ತಾಯಿಯನ್ನು ಅನಂತಪುರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲಿ, ಬಸ್ಸಿಗೂ ಆಸ್ಪತ್ರೆಗೂ ದುಡ್ಡು ತೆಗೆಯಲು ಬಂದಿದ್ದಳು.

ಇಬ್ಬರನ್ನೂ ಕ್ಯಾಬಿನ್ನಿಗೆ ಕರೆದೆ. ಚೌಡಮ್ಮ ಮೇಜಿನ ಅಂಚನ್ನು ಕೈಯಿಂದ ಸವರಿಕೊಂಡು ಬಂದು, ಕುರ್ಚಿ ಎಲ್ಲಿದೆ ಎಂದು ಮುಟ್ಟಿ ನೋಡಿ ಕೂತರು. ಏನಾಯಿತು ತಾಯಿ ಎಂದೆ.

ಉತ್ತರ ಕೊಟ್ಟವಳು ಪುಷ್ಪ. "ಗ್ಲಾಕೋಮಾ ಸಾರ್. ಕಣ್ಣೊಳಗಿನ ಒತ್ತಡ. ಒಂದ್ ಕಣ್ಣು ಪೂರಾ ಹೋಗೈತೆ, ಇನ್ನೊಂದ್ರಲ್ಲಿ ಎದುರಿಗಿರೋದು ಒಸಿ ಕಾಣ್ತದೆ, ಪಕ್ಕದ್ದು ಕಾಣಲ್ಲ. ಹೋಗಿದ್ದು ವಾಪಸ್ ಬರಲ್ವಂತೆ."

ಈ ರೋಗಕ್ಕೆ ನೋವಿಲ್ಲ, ಹುಣ್ಣಿಲ್ಲ. ದಿನಾ ಹನಿ ಔಷಧಿ ಹಾಕುತ್ತಿದ್ದರೆ ಇದ್ದ ದೃಷ್ಟಿ ಉಳಿಯುತ್ತದೆ, ಬಿಟ್ಟರೆ ಗೊತ್ತೇ ಆಗದಂತೆ ಅಂಚಿನಿಂದ ಒಳಕ್ಕೆ ಸವೆಯುತ್ತದೆ. ಸೋಮಂದೇಪಲ್ಲಿಯ ಒಂದು ಕ್ಯಾಂಪಿನಲ್ಲಿ ಅದನ್ನು ಪತ್ತೆ ಹಚ್ಚಿದ್ದರು. ಮೂರು ವರ್ಷ ಚೌಡಮ್ಮ ತಪ್ಪದೆ ಹನಿ ಹಾಕಿಕೊಂಡಿದ್ದರು. ತಿಂಗಳಿಗೆ 740 ರೂಪಾಯಿ, ಆರು ತಿಂಗಳಿಗೊಮ್ಮೆ ಅನಂತಪುರದಲ್ಲಿ ಪರೀಕ್ಷೆ. ಎಲ್ಲವೂ ಕಂಡಿಕೆ ಕಾಸಿನಿಂದ. ಗಂಡನಿಗೆ ಕಣ್ಣುರಿಗೆ ಏನೋ ಹಾಕಿಕೊಳ್ಳುತ್ತಾಳೆ ಎಂದಷ್ಟೇ ಗೊತ್ತು. ಆ ಕಾಸಿನ ಲೆಕ್ಕ ಹೇಳುವ ರೂಢಿಯೇ ಇಲ್ಲದ ಮೇಲೆ, ಆ ಕಾಸು ಹೋದಾಗ ಅದರ ಜೊತೆ ಏನು ಹೋಯಿತೆಂದು ಹೇಳಲೂ ಆಕೆಗೆ ಬರಲಿಲ್ಲ. ಮೊದಲು ಎರಡು ಹೊತ್ತಿನ ಹನಿ ಒಂದು ಹೊತ್ತಾಯಿತು. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಚೆನ್ನಾಗೇ ಕಾಣುತ್ತಿದೆಯಲ್ಲ ಎಂದು ಪೂರ್ತಿ ನಿಂತಿತು. ಆವತ್ತು ಆಕೆ ಎಣಿಸಿಕೊಟ್ಟು ನಾನು ತೆಗೆದುಕೊಂಡ 5,580 ಮುಂದಿನ ಪರೀಕ್ಷೆಗೆಂದು ಕೂಡಿಟ್ಟದ್ದು.

"ನೀವು ಬರೆದ ಪಟ್ಟಿ ಇನ್ನೂ ನಮ್ಮ ಗೋಡೆ ಮೇಲೆ ಐತೆ ಸಾರ್" ಎಂದಳು ಪುಷ್ಪ. "ಅಕ್ಕಿ ಐತೆ, ಫೋನೈತೆ, ನನ್ನ ಬಸ್ಸೂ ಐತೆ. ನಮ್ಮಮ್ಮನ ಡ್ರಾಪ್ಸ್ ಎಲ್ಲೈತೆ?"

"ಸುಮ್ಕಿರೇ ಪುಷ್ಪಾ" ಎಂದರು ಚೌಡಮ್ಮ. "ನಾನ್ ಹೇಳಿದ್ರೆ ತಾನೆ ಅವ್ರಿಗೆ ಗೊತ್ತಾಗೋದು. ಸಾರ್ ಏನ್ ಮಾಡ್ತಾರೆ." ಆಮೇಲೆ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು: "ಬಡ್ಡಿ ಇಳೀತಾ ಸಾರ್? ಇಳಿದ್ರೆ ಹೇಳ್ತೀನಿ ಅಂದಿದ್ರಲ್ಲ, ಅದ್ಕೇ ಕೇಳ್ದೆ."

ಫೆಬ್ರವರಿಯಿಂದಲೇ ಇಳಿಯುತ್ತಿತ್ತು. ಜೂನ್ ಹೊತ್ತಿಗೆ ಒಂದು ಪ್ರತಿಶತ ಇಳಿದಿತ್ತು. ಬಡ್ಡಿ ಇಳಿದಾಗ ಕಂತು ತಾನಾಗಿ ಇಳಿಯುವುದಿಲ್ಲ, ಸಾಲಗಾರ ಬಂದು ಅರ್ಜಿ ಕೊಡಬೇಕು. ಕೊಟ್ಟಿದ್ದರೆ ತಿಂಗಳಿಗೆ 770 ರೂಪಾಯಿ ಉಳಿಯುತ್ತಿತ್ತು. ಇದು ನನಗೆ ಗೊತ್ತಿತ್ತು; ನನ್ನ ಸ್ವಂತ ಮನೆ ಸಾಲಕ್ಕೆ ಏಪ್ರಿಲ್‌ನಲ್ಲೇ ಅರ್ಜಿ ಕೊಟ್ಟು ಕಂತು ಇಳಿಸಿಕೊಂಡಿದ್ದೆ. "ಇಳಿದಿದೆ ತಾಯಿ, ಆರು ತಿಂಗಳಾಯಿತು" ಎಂದೆ.

"ಓ" ಎಂದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಬಸ್ಸಿಗೆ ಹೊರಟ ಮೇಲೆ ಆ ಹಳೇ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಆಗ ಇನ್ನೊಂದು ವಿಷಯ ಕಣ್ಣಿಗೆ ರಾಚಿತು. ಸಾಲಗಾರನಿಗೆ ಎಪ್ಪತ್ತು ತುಂಬುವವರೆಗೆ ಅವಧಿ ಕೊಡಬಹುದು ಎಂಬುದು ನಮ್ಮ ನಿಯಮ. ರಾಮಾಂಜಿಯ ಸಾಲ ಅರವತ್ತಾರಕ್ಕೆ ಮುಗಿಯುತ್ತಿತ್ತು. ಕಂಪ್ಯೂಟರು ತಾನಾಗಿ ಕೊಡದ ನಾಲ್ಕು ವರ್ಷ ಇನ್ನೂ ಇತ್ತು. ಅಷ್ಟು ಹಿಗ್ಗಿಸಿದ್ದರೆ 2023ರಲ್ಲೇ ಕಂತು ಎಂಟುನೂರ ಐವತ್ತರಷ್ಟು ಕಡಿಮೆಯಾಗುತ್ತಿತ್ತು, ಹನಿ ಔಷಧಿ ಬಂದು ಇನ್ನೂ ಮಿಗುತ್ತಿತ್ತು. ಬೇಕಿದ್ದದ್ದು ಒಂದು ಪುಟದ ಅರ್ಜಿ, ಮೇಲಿನ ಕಚೇರಿಯ ಒಂದು ಸಹಿ. ಆವತ್ತು ಇದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅಂಥ ಅರ್ಜಿಗಳು ಹೆಚ್ಚಾದರೆ ಶಾಖೆಯ ಸಾಲಗಳು ದುರ್ಬಲ ಎಂದು ವರದಿಯಲ್ಲಿ ಕಾಣುತ್ತವೆ, ಶೀಲ್ಡು ಬರುವುದಿಲ್ಲ. ಡಬ್ಬಿ ಸಿಕ್ಕಿತಲ್ಲ, ಅರ್ಜಿ ಯಾಕೆ ಎಂದುಕೊಂಡಿದ್ದೆ.

ನಿವೃತ್ತಿಗೆ ಮೊದಲು ನಾನು ಬ್ಯಾಂಕಿನಲ್ಲಿ ಮಾಡಿದ ಕೊನೆಯ ಕೆಲಸ ರಾಮಾಂಜಿಯ ಕಂತು ಇಳಿಸಿದ್ದು. ಹಿಂದೂಪುರದ ಹೊಸ ಮ್ಯಾನೇಜರಿಗೆ ಮೂರು ಸಲ ಫೋನು ಮಾಡಿ ಕಂತನ್ನೂ ಅವಧಿಯನ್ನೂ ಸರಿ ಮಾಡಿಸಿದೆ. ಅಕ್ಟೋಬರ್‌ನಲ್ಲಿ ಆ ಕಾಗದ ಹಿಡಿದು ನಾನೇ ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಒಂದೇ ಮಗ್ಗವಿತ್ತು. ಹಾಸಿನ, ಅಂದರೆ ಮಗ್ಗದ ಉದ್ದ ನೂಲಿನ, ಎಳೆ ಹರಿದರೆ ಕೂಡಿಸುತ್ತಿದ್ದವರು ಚೌಡಮ್ಮ. ಆ ಕೆಲಸಕ್ಕೆ ಆಳಿಟ್ಟು ಪೂರೈಸದೆ ಎರಡನೇ ಮಗ್ಗವನ್ನು ಬಿಚ್ಚಿ ಮಾರಿದ್ದರು. ರಾಟೆಯನ್ನು ಬಟ್ಟೆ ಮುಚ್ಚಿ ಮೂಲೆಗೆ ಇಟ್ಟಿದ್ದರು. ಮನೆ ಮಾತ್ರ ಗಟ್ಟಿಯಾಗಿತ್ತು, ಒಂದು ಬಿರುಕೂ ಇರಲಿಲ್ಲ.

ರಾಮಾಂಜಿ ನನಗೆ ಕುರ್ಚಿ ಹಾಕಿದರು. ನನ್ನ ಮುಖ ನೋಡಲಿಲ್ಲ. "ನಾನೊಂದು ದಿನ ಕೇಳಿದ್ರೆ ಆಗಿತ್ತು ಸಾರ್, ಏನ್ ಹಾಕ್ಕೊಂತೀಯ ಕಣ್ಣಿಗೆ ಅಂತ" ಎಂದು ಮಗ್ಗದ ಕಡೆ ತಿರುಗಿಕೊಂಡು ಹೇಳಿದರು. ಕ್ಷಮಿಸಿ ಎಂದು ಕೇಳಲೆಂದೇ ನಾನು ಅಲ್ಲಿಗೆ ಹೋಗಿದ್ದೆ. ಕೇಳಿದೆ. ಅವರು ಮಗ್ಗಕ್ಕೆ ಹೋಗಿ ಕೂತರು.

ಗೋಡೆಯ ಮೇಲೆ ನನ್ನ ಪಟ್ಟಿ ಹಾಗೇ ಇತ್ತು, ಮಸಿ ಸ್ವಲ್ಪ ಮಾಸಿತ್ತು. ಅದನ್ನು ಕಿತ್ತು ಹೊಸದು ಬರೆಯೋಣ ಎಂದೆ. ಈ ಸಲ ಚೌಡಮ್ಮನ ಪಕ್ಕ ನೆಲದ ಮೇಲೆ ಕೂತೆ, ತೊಡೆಯ ಮೇಲೆ ಹೊಸ ಹಾಳೆ ಇಟ್ಟುಕೊಂಡು ಆಕೆಯನ್ನೇ ಕೇಳಿದೆ: "ನೀವು ಹೇಳಿ ತಾಯಿ, ನಾನು ಬರೀತೀನಿ. ಮೊದಲು ಏನು ಬರೆಯಲಿ?"

ಆಕೆ ಯೋಚಿಸಲೂ ಇಲ್ಲ. "ಮನೆ ಕಂತು ಬರೀರಿ ಸಾರ್. ಅದೇ ಮೊದ್ಲು, ಉಳಿದಿದ್ದೆಲ್ಲ ಆಮ್ಯಾಕೆ ಅಂತ ನೀವೇ ಅಲ್ವಾ ಹೇಳಿದ್ದು."

ನೌಕರಿ ನನಗೆ ಕಲಿಸಿದ್ದು ಏನು ಎಂದು ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ಬಡ್ಡಿ ಏರಿದಾಗ ಮನೆಯ ಖರ್ಚನ್ನು ಸಾಲಾಗಿ ಜೋಡಿಸಬೇಕು ನಿಜ, ಆದರೆ ಪೆನ್ನು ಬ್ಯಾಂಕಿನವನ ಕೈಯಲ್ಲಿ ಇರಬಾರದು. ಮನೆಯಲ್ಲಿ ಯಾರು ಮಾತಾಡದೆ ಕೂತಿದ್ದಾರೋ ಅವರನ್ನು ಬೇರೆಯಾಗಿ ಕೇಳಬೇಕು. ಬಾಕಿ ಬಿದ್ದ ಕಂತನ್ನು ಮುಂದಿನ ತಿಂಗಳು ಕಟ್ಟಬಹುದು, ಅವಧಿಯನ್ನು ಹಿಗ್ಗಿಸಬಹುದು, ಬಡ್ಡಿ ಇಳಿಯುವವರೆಗೆ ಕಾಯಬಹುದು. ಕಣ್ಣಿಗೆ ಅಂಥ ಅನುಕೂಲ ಯಾವುದೂ ಇಲ್ಲ.

ಹಾಳೆಯ ಮೇಲೆ ನಾನು ಮೊದಲು ಡ್ರಾಪ್ಸ್ 740 ಎಂದು ಬರೆದೆ. ಏನು ಬರೆದೆನೆಂದು ಆಕೆಗೆ ಕಾಣಲಿಲ್ಲ.